ಆನ್‌ಲೈನ್ ಕೆಲಸದ ಆಫರ್ ಬಂದ್ರೆ ಮೊದ್ಲು ಇದನ್ನ ನೋಡಿ

ಟೆಲಿಗ್ರಾಂನಲ್ಲೋ ವಾಟ್ಸಾಪಲ್ಲೋ "ಮನೇಲೇ ಕೂತು ವಿಡಿಯೋ ಲೈಕ್ ಮಾಡಿ, ದುಡ್ಡು ತಗೊಳ್ಳಿ" ಅಂತ ಬಂದ್ರೆ ಉತ್ತರಾನೇ ಕೊಡ್ಬೇಡಿ. ಶುರುವಲ್ಲಿ ಚಿಲ್ರೆ ಕಾಸು ನಿಜವಾಗ್ಲೂ ಅಕೌಂಟಿಗೆ ಹಾಕ್ತಾರೆ, ಜನ ಬೀಳೋದೇ ಅಲ್ಲಿ, ಆಮೇಲೆ ಪ್ರೀಪೇಯ್ಡ್ ಟಾಸ್ಕ್ ಅಂತ ನಿಮ್ಮಿಂದ್ಲೇ ದುಡ್ಡು ಹಾಕಿಸ್ಕೊಂಡು ಸ್ಕ್ರೀನಲ್ಲಿ ಬ್ಯಾಲೆನ್ಸ್ ಏರ್ತಾ ಇರೋ ಹಾಗೆ ತೋರಿಸ್ತಾರೆ, ವಿತ್‌ಡ್ರಾ ಮಾಡೋಕೆ ಹೋದ್ರೆ ಟ್ಯಾಕ್ಸ್ ಕಟ್ಟಿ ಅಂತಾರೆ, ಅದೂ ಕಟ್ಟಿದ್ರೆ ಇನ್ನೊಂದು ಫೀಸು.

ದೊಡ್ಡ ಕಂಪನಿ ಹೆಸರಲ್ಲಿ ಆಫರ್ ಲೆಟರ್ ಬಂದ್ರೆ ಲೋಗೋ ನಂಬ್ಬೇಡಿ (ಅದನ್ನ ಯಾರು ಬೇಕಾದ್ರೂ ಹಾಕ್ಬೋದು), ಮೇಲ್ ಐಡೀಲಿ @ ಆದ್ಮೇಲೆ ಏನಿದೆ ನೋಡಿ, ಜಿಮೇಲ್ ಇದ್ರೆ, ಇಲ್ಲಾ ಕಂಪನಿ ಹೆಸರಲ್ಲಿ ಒಂದಕ್ಷರ ಹೆಚ್ಚುಕಮ್ಮಿ ಇದ್ರೆ ಅಲ್ಲಿಗೇ ಬಿಟ್ಬಿಡಿ. ಅವ್ರು ಕಳ್ಸಿದ ಲಿಂಕ್ ಒತ್ತದೆ ನೀವೇ ವೆಬ್‌ಸೈಟ್ ಟೈಪ್ ಮಾಡಿ ಆ ಹುದ್ದೆ ಇದ್ಯಾ ಚೆಕ್ ಮಾಡಿ. ಓಟಿಪಿ ಕೇಳಿದ್ರಂತೂ ಬ್ಲಾಕ್. ಈಗಾಗ್ಲೇ ದುಡ್ಡು ಹೋಗಿದ್ರೆ ತಕ್ಷಣ ಬ್ಯಾಂಕಿಗೆ ಫೋನ್ ಮಾಡಿ, ಚಾಟ್ ಮಾತ್ರ ಡಿಲೀಟ್ ಮಾಡ್ಬೇಡಿ, ಕಂಪ್ಲೇಂಟ್ ಕೊಡೋಕೆ ಬೇಕಾಗುತ್ತೆ.