ಕೈ ಗೋಣಿಯಲ್ಲಿ, ಉತ್ತರ ಹೊಟ್ಟೆಯಲ್ಲಿ

ಕಾಸರಗೋಡಿನ ಬದಿಯಡ್ಕದಲ್ಲಿ ಅಡಿಕೆ ಖರೀದಿಗೆ ಕುಳಿತು ಇಪ್ಪತ್ತೆರಡು ವರ್ಷವಾಯಿತು. ಗೋಣಿಯ ಬಾಯಿ ಬಿಚ್ಚಿ, ಮೊಣಕೈವರೆಗೆ ಕೈ ಇಳಿಸಿ, ತಳದಿಂದ ಒಂದು ಹಿಡಿ ಎತ್ತುತ್ತೇನೆ. ಕೆಲವೊಮ್ಮೆ ಆ ಹಿಡಿ ಹೊರಗೆ ಬರುವ ಮೊದಲೇ ಹೊಕ್ಕುಳಿನ ಮೇಲೆ ಏನೋ ಹಿಡಿದುಕೊಂಡಂತಾಗುತ್ತದೆ. ಕಣ್ಣಿಗೆ ಮಾಲು ಚೆನ್ನಾಗಿಯೇ ಇರುತ್ತದೆ. ಅಡಕತ್ತರಿಗೆ ಕೊಟ್ಟು ನೋಡಿದರೆ ತಿರುಳಿನ ನಡುವೆ ಬೂಷ್ಟು.

ಕೆಲಸ ಕಲಿಸಿದ ದೊಡ್ಡಪ್ಪ, “ಹೊಟ್ಟೆ ಒಪ್ಪದ ಮಾಲಿಗೆ ದರ ಹೇಳಬೇಡ” ಎನ್ನುತ್ತಿದ್ದರು. ನಮ್ಮಲ್ಲಿ ಕನಿಕರಕ್ಕೆ ಕರುಳು ಚುರ್ ಎನ್ನುತ್ತದೆ, ಅಸೂಯೆಗೆ ಹೊಟ್ಟೆ ಉರಿಯುತ್ತದೆ; ಅನುಮಾನವನ್ನೂ ಅಲ್ಲಿಯೇ ಇಟ್ಟವರು ಅವರು. ಕಾರಣ ಕೇಳಿದರೆ ಎಲೆಗೆ ಸುಣ್ಣ ಹಚ್ಚುತ್ತಾ ಸುಮ್ಮನಾಗುತ್ತಿದ್ದರು.

ಕಳೆದ ಹಂಗಾಮಿನಲ್ಲಿ ತಕ್ಕಡಿಯ ಪಕ್ಕ ಹಳೆಯ ಡೈರಿಯೊಂದನ್ನು ಇಟ್ಟುಕೊಂಡೆ. ಕತ್ತರಿಸುವ ಮೊದಲು ‘ಹಿಡಿಯಿತು’ ಅಥವಾ ‘ಇಲ್ಲ’ ಎಂದು ಬರೆಯುವುದು. ಆಮೇಲೆ ಹತ್ತು ಅಡಿಕೆ ಕತ್ತರಿಸಿ, ಕಂಡದ್ದನ್ನು ಅದರ ಎದುರಿಗೆ ಬರೆಯುವುದು. ಹೊಟ್ಟೆ ಹಿಡಿದಾಗಲೆಲ್ಲ ಕೈಯನ್ನು ಗೋಣಿಯೊಳಗೇ ನಿಲ್ಲಿಸಿ, ಬೆರಳಿಗೆ ಏನು ತಿಳಿಯುತ್ತಿದೆ ಎಂದು ಗಮನಿಸತೊಡಗಿದೆ. ಚೆನ್ನಾಗಿ ಒಣಗಿದ ಅಡಿಕೆ ಬೆರಳ ಸಂದಿನಿಂದ ಕಟಕಟನೆ ಜಾರುತ್ತದೆ. ಅರೆ ಒಣಗಿದ್ದು ಒಂದಿಷ್ಟು ತಣ್ಣಗಿರುತ್ತದೆ, ಜಾರಲು ತಡಮಾಡುತ್ತದೆ, ಸದ್ದು ಮಂದ. ಇಷ್ಟು ವರ್ಷ ಇದನ್ನು ನಾನು ಯಾರಿಗೂ ಹೇಳಿಕೊಟ್ಟಿರಲಿಲ್ಲ. ನನಗೇ ಗೊತ್ತಿರಲಿಲ್ಲವಲ್ಲ!

ಹಾಗಾದರೆ ಹೊಟ್ಟೆಗೇನು ಕೆಲಸ? ಜಠರ ಮತ್ತು ಕರುಳಿನ ಗೋಡೆಗಳಲ್ಲಿ ಹತ್ತು ಕೋಟಿಗೂ ಹೆಚ್ಚು ನರಕೋಶಗಳಿವೆ, ನಿಜ. ಆದರೆ ಅವುಗಳಿಗೆ ಅಡಿಕೆ ವ್ಯಾಪಾರ ತಿಳಿಯದು. ಹಿಂದೆ ನಷ್ಟವಾದ ಮಾಲಿನ ಗುರುತು ಹಿಡಿಯುವುದು ಮಿದುಳೇ. ಅದು ಎಚ್ಚರಿಕೆ ಕೊಟ್ಟೊಡನೆ ಹೊಟ್ಟೆಯತ್ತ ರಕ್ತದ ಹರಿವು ತಗ್ಗುತ್ತದೆ, ಕರುಳಿನ ಚಲನೆ ಬದಲಾಗುತ್ತದೆ. ಆ ಸುದ್ದಿ ಹೊಟ್ಟೆಯನ್ನೂ ಮಿದುಳನ್ನೂ ಜೋಡಿಸುವ ವೇಗಸ್ ನರದ ಮೂಲಕ ಮೇಲಕ್ಕೆ ಹೋಗುತ್ತದೆ. ಆ ನರದ ಎಳೆಗಳಲ್ಲಿ ಶೇಕಡಾ 80ರಷ್ಟು ಹೀಗೆ ಕೆಳಗಿನಿಂದ ಮೇಲಕ್ಕೆ ಸುದ್ದಿ ಒಯ್ಯುವಂಥವು. ಮಿದುಳಿನ ಇನ್ಸುಲಾ ಎಂಬ ಭಾಗ ಅದನ್ನು ಗ್ರಹಿಸಿದಾಗ ನಮಗೆ ‘ಏನೋ ಸರಿಯಿಲ್ಲ’ ಎನ್ನಿಸುತ್ತದೆ. ಮಾತು ಹುಟ್ಟುವುದು ಆಮೇಲೆ. 1997ರಲ್ಲಿ ಅಮೆರಿಕದ ಅಯೋವಾದಲ್ಲಿ ನರವಿಜ್ಞಾನಿ ಆಂಟೋನಿಯೋ ಡಮಾಸಿಯೋ ಮತ್ತು ಸಂಗಡಿಗರು ಇಸ್ಪೀಟಿನಂಥ ಆಟದಲ್ಲಿ ಇಂಥದ್ದನ್ನೇ ತೋರಿಸಿದ್ದರು: ನಷ್ಟ ತರುವ ಎಲೆಗಳ ಕಟ್ಟು ಯಾವುದೆಂದು ಬಾಯಿಬಿಟ್ಟು ಹೇಳುವ ಮೊದಲೇ ಅದರತ್ತ ಕೈ ಚಾಚಿದಾಗ ಅಂಗೈ ಬೆವರುತ್ತಿತ್ತು. ಆಟಗಾರರಿಗೆ ಅಷ್ಟರಲ್ಲೇ ಸಾಕಷ್ಟು ಗೊತ್ತಿತ್ತು ಎಂದು ತಕರಾರು ಎತ್ತಿದವರೂ ಇದ್ದಾರೆ.

ಡೈರಿಯಲ್ಲಿ ತಪ್ಪುಗಳೂ ಇವೆ. ಬೆಳಗ್ಗೆ ತಿನ್ನದೆ ಎರಡು ಲೋಟ ಕಡು ಕಾಫಿ ಕುಡಿದ ದಿನಗಳ ‘ಹಿಡಿಯಿತು’ಗಳನ್ನು ಹೊಡೆದುಹಾಕಿದ್ದೇನೆ. ಕಾಫಿಯ ತಳಮಳಕ್ಕೂ ಬೂಷ್ಟಿನ ತಳಮಳಕ್ಕೂ ಒಳಗಿನಿಂದ ವ್ಯತ್ಯಾಸವೇ ತಿಳಿಯುವುದಿಲ್ಲ.

ನಾಚಿಕೆಯ ಸಂಗತಿ ಇನ್ನೊಂದಿದೆ. ಪೆರ್ಲದ ಕಡೆಯಿಂದ ಗುರುತಿಲ್ಲದ ಹುಡುಗನೊಬ್ಬ ಬೈಕಿನಲ್ಲಿ ಎರಡು ಗೋಣಿ ತಂದಿದ್ದ. ಗೋಣಿ ಬಿಚ್ಚುವ ಮೊದಲೇ ನನ್ನ ಹೊಟ್ಟೆ ಹಿಡಿಯಿತು. ಕದ್ದ ಮಾಲಿರಬೇಕು ಎಂದುಕೊಂಡು ದರ ಹೇಳದೆ ಕಳುಹಿಸಿದೆ. ಅಡಿಕೆಯಾದರೆ ಕತ್ತರಿ ಅರೆ ನಿಮಿಷದಲ್ಲಿ ತೀರ್ಪು ಕೊಡುತ್ತದೆ. ಹೊಟ್ಟೆ ಪಳಗಿದ್ದೇ ಹಾಗೆ. ಹಿಂದೆ ಕಳುಹಿಸಿದ ಮನುಷ್ಯರ ವಿಚಾರದಲ್ಲಿ ಸರಿಯೋ ತಪ್ಪೋ ತಿಳಿಯುವ ದಾರಿಯೇ ಇಲ್ಲ. ಇದೊಂದು ತಿಳಿದದ್ದೂ ಎದುರಿನ ಅಂಗಡಿಯವರಿಂದ: ಅವನ ತಂದೆ ಹಾಸಿಗೆ ಹಿಡಿದಿದ್ದಾರೆ, ಮಾಲು ಸ್ವಂತ ತೋಟದ್ದು, ಹತ್ತಕ್ಕೆ ಹತ್ತೂ ಬಿಳಿ ತಿರುಳು.

ಈಗ ಅವನು ಅಲ್ಲಿಗೇ ತರುತ್ತಾನೆ. ನನ್ನ ಅಂಗಡಿಯ ಮುಂದೆ ಬೈಕ್ ನಿಧಾನಿಸುವುದೂ ಇಲ್ಲ.