ಬ್ಲಾಗ್‌ನಿಂದ ಸಣ್ಣ ಬಿಸಿನೆಸ್: ದಾರಿ ಯಾವುದು ಅಂತ ಗೊತ್ತು ಮಾಡ್ಕೊಳ್ಳೋದು ಹೇಗೆ?

ನಿಮ್ಮ ಬ್ಲಾಗ್ ಓಪನ್ ಮಾಡಿ 'ನನ್ನ ಬಗ್ಗೆ' ಅನ್ನೋ ಪೇಜ್ ಒಂದ್ಸಲ ಓದಿ ನೋಡಿ. "ನಾನು ಹವ್ಯಾಸಿ ಬರಹಗಾರ, ಪ್ರವಾಸ, ಟೆಕ್ನಾಲಜಿ, ಆರೋಗ್ಯ, ಜೀವನ ಹೀಗೆ ಎಲ್ಲದರ ಬಗ್ಗೆ ಬರೀತೀನಿ" ಅನ್ನೋ ಥರ ಏನಾದ್ರೂ ಇದ್ರೆ ತೊಂದರೆ ಇರೋದು ಅಲ್ಲೇ. ನನ್ನ ಮೊದಲ ಬ್ಲಾಗಲ್ಲೂ ಇದೇ ಇತ್ತು. ಒಂದಿನ ಮೊಬೈಲ್ ರಿವ್ಯೂ, ಮಾರನೇ ದಿನ ಕವನ, ಅದರ ಮಾರನೇ ದಿನ ಪರೀಕ್ಷೆಗೆ ಓದೋದು ಹೇಗೆ ಅಂತ ಟಿಪ್ಸು. ಒಂದು ವರ್ಷ ಬರೆದೆ, ಬಿಸಿನೆಸ್ ಆಗೋದು ಇರ್ಲಿ, ಎರಡನೇ ಸಲ ವಾಪಸ್ ಬಂದು ಓದಿದವರು ನಮ್ಮ ಮನೆಯವರು ಬಿಟ್ರೆ ಇನ್ಯಾರೂ ಇದ್ದ ಹಾಗಿಲ್ಲ. ಗಾಳಿ ಗುದ್ದಿ ಮೈ ನೋಯಿಸ್ಕೊಂಡ ಹಾಗೆ ಆಯ್ತು ಅಷ್ಟೇ.

ಆಗೆಲ್ಲ ಸಿಗ್ತಿದ್ದ ಸಲಹೆ ಒಂದೇ, "ನಿಮ್ಮ ಪ್ಯಾಶನ್ ಏನು ಅಂತ ಹುಡುಕಿ". ನಾನು ಹುಡುಕ್ತಾ ಕೂತೆ, ಸಿಗಲಿಲ್ಲ. ಉದ್ದೇಶ ಅನ್ನೋದು ಕಣ್ಮುಚ್ಚಿ ಯೋಚನೆ ಮಾಡಿದ್ರೆ ಒಳಗಿಂದ ಎದ್ದು ಬರೋ ವಸ್ತು ಅಲ್ಲ, ಯಾರೋ ಒಬ್ಬರ ತೊಂದರೆಗೆ ಕೈ ಹಾಕಿದ ಮೇಲೆ ನಿಧಾನಕ್ಕೆ ಗೊತ್ತಾಗೋದು ಅಂತ ನನಗೆ ಅರ್ಥ ಆಗಿದ್ದು ಬಹಳ ತಡವಾಗಿ. ಹಾಗಾಗಿ ಈ ಲೇಖನದಲ್ಲಿ ಪ್ಯಾಶನ್ ವಿಷಯ ಇಲ್ಲ, ಮಾಡೋ ಕೆಲಸದ ವಿಷಯ ಇದೆ.

ಮೊದಲು ಕಾಗದ, ಪೆನ್ನು

ಲ್ಯಾಪ್‌ಟಾಪ್ ಮುಚ್ಚಿಡಿ. ಕಾಗದದ ಮೇಲೆ ಮೂರು ಪ್ರಶ್ನೆ ಬರ್ಕೊಳ್ಳಿ: ಯಾರಿಗೆ? ಅವರಿಗೆ ಯಾವ ತೊಂದರೆ? ಆ ತೊಂದರೆ ಕಳೆಯೋಕೆ ಅವರು ನನಗೆ ಯಾವುದಕ್ಕೆ ದುಡ್ಡು ಕೊಡಬಹುದು? ಮೂರಕ್ಕೂ ಒಂದೊಂದೇ ಸಾಲಲ್ಲಿ ಉತ್ತರ. ಮೊದಲ ಎರಡು ಹೇಗೋ ಬರುತ್ತೆ, ಮೂರನೇದಕ್ಕೆ ಪೆನ್ನು ನಿಂತೋಗುತ್ತೆ. ನಿಲ್ಲಲಿ ಬಿಡಿ, ಸದ್ಯಕ್ಕೆ ಪೆನ್ಸಿಲ್ಲಲ್ಲಿ ಏನಾದ್ರೂ ಬರೆದಿಡಿ, ಅದು ಬದಲಾಗೇ ಆಗುತ್ತೆ. ಆದ್ರೆ ಮೊದಲ ಪ್ರಶ್ನೆಗೆ 'ಎಲ್ಲರಿಗೂ' ಅಂತ ಮಾತ್ರ ಬರೀಬೇಡಿ, ಹಾಗೆ ಬರೆದ್ರೆ ಉಳಿದ ಎರಡಕ್ಕೂ ಉತ್ತರ ಬರಲ್ಲ.

ಒಬ್ಬರನ್ನ ಹಿಡ್ಕೊಳ್ಳಿ

ಇದೇ ಇಡೀ ಕೆಲಸದ ಬುಡ, ಅದಕ್ಕೆ ಇಲ್ಲಿ ಸ್ವಲ್ಪ ಹೆಚ್ಚೇ ಹೇಳ್ತೀನಿ.

ನನ್ನ ಗೆಳತಿ ಒಬ್ಬಳಿಗೆ ಹೊಲಿಗೆ ಚೆನ್ನಾಗಿ ಬರುತ್ತೆ. ಬ್ಲಾಗ್ ಶುರು ಮಾಡಿದಾಗ ಅವಳೂ 'ಫ್ಯಾಷನ್ ಮತ್ತು ಲೈಫ್‌ಸ್ಟೈಲ್' ಅಂತಾನೇ ಬೋರ್ಡ್ ಹಾಕ್ಕೊಂಡಿದ್ಲು. ಯಾವ ಬಣ್ಣಕ್ಕೆ ಯಾವ ಬಣ್ಣ ಹೊಂದುತ್ತೆ, ಈ ಸೀಸನ್ ಏನು ಟ್ರೆಂಡು, ಇಂಥವೇ. ಒಂದಿನ ಬರೆಯೋಕೆ ಏನೂ ತೋಚದೆ, ಮಷೀನಲ್ಲಿ ಹೊಲಿಯುವಾಗ ಬಟ್ಟೆ ಕೆಳಗಡೆ ನೂಲು ಗಂಟು ಗಂಟಾಗಿ ಹಕ್ಕಿ ಗೂಡಿನ ಥರ ಆಗುತ್ತಲ್ಲ, ಅದರ ಬಗ್ಗೆ ಬರೆದ್ಲು. ಗಂಟು ಕೆಳಗಡೆ ಕಾಣ್ಸೋದ್ರಿಂದ ಹೊಸಬರೆಲ್ಲ ಬಾಬಿನ್ (ಕೆಳಗಿನ ನೂಲು ಸುತ್ತಿರೋ ಚಿಕ್ಕ ಉರುಳೆ) ಸರಿ ಇಲ್ಲ ಅಂದ್ಕೊಂಡು ಅದನ್ನ ಬಿಚ್ಚಿ ಹಾಕಿ ಬಿಚ್ಚಿ ಹಾಕಿ ಸುಸ್ತಾಗ್ತಾರೆ. ಆದ್ರೆ ತಪ್ಪು ಸಾಮಾನ್ಯವಾಗಿ ಇರೋದು ಮೇಲಿನ ನೂಲಲ್ಲಿ. ಬಟ್ಟೆ ಒತ್ತಿ ಹಿಡಿಯೋ ಪಾದ ಕೆಳಗಿದ್ದಾಗ, ಮೇಲಿನ ನೂಲನ್ನ ಬಿಗಿ ಹಿಡಿಯೋ ಟೆನ್ಷನ್ ಬಿಲ್ಲೆಗಳು ಬಿಗಿಯಾಗಿ ಮುಚ್ಕೊಂಡಿರುತ್ತೆ, ಆಗ ನೂಲು ಹಾಕಿದ್ರೆ ಅದು ಬಿಲ್ಲೆಗಳ ಮಧ್ಯೆ ಕೂರದೆ ಮೇಲೇ ಜಾರುತ್ತೆ, ಬಿಗಿ ಇಲ್ಲದ ನೂಲನ್ನ ಮಷೀನ್ ಕೆಳಕ್ಕೆ ಎಳ್ಕೊಂಡು ಗಂಟು ಹಾಕುತ್ತೆ. ಪಾದ ಎತ್ತಿ, ಬಿಲ್ಲೆ ಸಡಿಲ ಆದ ಮೇಲೆ ನೂಲು ಹಾಕಿದ್ರೆ ಅಷ್ಟಕ್ಕೇ ಸರಿ ಹೋಗುತ್ತೆ. ಇಷ್ಟನ್ನ ನಾಲ್ಕು ಫೋಟೋ ಹಾಕಿ ಬರೆದಿದ್ಲು.

ಆ ಪೋಸ್ಟಿಗೆ ಜನ ಬರೋಕೆ ಶುರು ಮಾಡಿದ್ರು, ಬಂದವರು ಮೇಲ್ ಕೂಡ ಮಾಡಿದ್ರು, "ಹಾಗಾದ್ರೆ ಮೇಲೆ ಹೊಲಿಗೆ ಬಿಡುತ್ತಲ್ಲ ಅದು ಯಾಕೆ?", "ಜಾರೋ ಬಟ್ಟೆಗೆ ಎಷ್ಟನೇ ನಂಬರ್ ಸೂಜಿ?" ಅಂತ. ಅವಳಿಗೆ ತನ್ನ ಓದುಗರು ಯಾರು ಅಂತ ಗೊತ್ತಾಗಿದ್ದೇ ಅವತ್ತು. ಫ್ಯಾಷನ್ ನೋಡೋರು ಅಲ್ಲ, ಹೊಸದಾಗಿ ಮಷೀನ್ ತಗೊಂಡು ರಾತ್ರಿ ಹನ್ನೊಂದು ಗಂಟೇಲಿ ಅರ್ಧ ಹೊಲಿದ ಬಟ್ಟೆ ಸಿಕ್ಕಿಹಾಕ್ಕೊಂಡು, ಕೇಳೋಕೆ ಯಾರೂ ಇಲ್ಲದೆ ಫೋನಲ್ಲಿ ಟೈಪ್ ಮಾಡ್ತಿರೋ ಒಬ್ಬರು.

ನೀವೂ ಅಂಥ ಒಬ್ಬರನ್ನ ಹಿಡ್ಕೊಳ್ಳಿ. ವಯಸ್ಸು, ಆದಾಯ, ಊರು ಅಂತ ಮಾರ್ಕೆಟಿಂಗ್ ಕ್ಲಾಸಲ್ಲಿ ಹೇಳೋ ಟೇಬಲ್ ಬೇಡ. ಅವರು ಯಾವ ಹೊತ್ತಲ್ಲಿ, ಏನು ಕೆಟ್ಟು ಕೂತಾಗ, ಯಾವ ಮಾತಲ್ಲಿ ಹುಡುಕ್ತಾರೆ ಅನ್ನೋದು ಗೊತ್ತಾದ್ರೆ ಸಾಕು. ಅಂದಹಾಗೆ ಆ ನೂಲಿನ ಕಥೆ ಬ್ಲಾಗಿಗೂ ಅನ್ವಯಿಸುತ್ತೆ, ಗಂಟು ಕಾಣ್ಸೋದು 'ಓದೋರೇ ಬರ್ತಿಲ್ಲ' ಅಂತ ಕೆಳಗಡೆ, ತಪ್ಪಿರೋದು ಯಾರಿಗೆ ಬರೀತಿದೀವಿ ಅನ್ನೋ ಮೇಲಿನ ನೂಲಲ್ಲಿ. ನಾವು ಮಾತ್ರ ಥೀಮ್ ಬದಲಾಯ್ಸಿ, ಲೋಗೋ ಬದಲಾಯ್ಸಿ, ಬಾಬಿನ್ ಬಿಚ್ತಾನೇ ಇರ್ತೀವಿ.

ದುಡ್ಡು ಯಾವ ಬಾಗಿಲಿಂದ ಬರುತ್ತೆ

ಬಾಗಿಲು ಮುಖ್ಯವಾಗಿ ನಾಲ್ಕು: ಜಾಹೀರಾತು, ಬೇರೆಯವರ ಸಾಮಾನಿಗೆ ಲಿಂಕ್ ಕೊಟ್ಟು ಕಮಿಷನ್, ನಿಮ್ಮದೇ ಸರ್ವಿಸ್, ನಿಮ್ಮದೇ ಸಾಮಾನು. ಇದರಲ್ಲಿ ಎಲ್ಲರ ಕಣ್ಣು ಮೊದಲು ಬೀಳೋದು ಜಾಹೀರಾತಿನ ಮೇಲೆ, ಯಾಕಂದ್ರೆ ಗೂಗಲ್‌ನ ಆಡ್‌ಸೆನ್ಸ್ 2003ರಲ್ಲಿ ಬಂದಾಗಿಂದ ಗೂಗಲ್ ಒಪ್ಪಿದ್ರೆ ಒಂದು ಕೋಡ್ ಅಂಟಿಸಿದ್ರೆ ಮುಗೀತು, ಯಾರ ಹತ್ರಾನೂ ಮಾತಾಡೋ ಹಾಗೇ ಇಲ್ಲ. ಆದ್ರೆ ಅದು ತಲೆ ಎಣಿಸೋ ಆಟ, ಲಕ್ಷಗಟ್ಟಲೆ ಜನ ಬಂದ್ರೇನೇ ಲೆಕ್ಕಕ್ಕೆ ಬರೋದು, ಮತ್ತೆ ಜನ ಬೇಕು ಅಂತ ಏನೇನೋ ಬರೀತಾ ದಾರಿ ತಪ್ಪೋದೂ ಇಲ್ಲೇ. ಸಣ್ಣ ಬ್ಲಾಗಿಗೆ ನಾನಂತೂ ಇದನ್ನ ಹೇಳಲ್ಲ.

ಕಮಿಷನ್ ಲಿಂಕ್ ಹಳೇ ಪದ್ಧತಿ, ಅಮೆಜಾನ್ ತನ್ನ ಅಸೋಸಿಯೇಟ್ಸ್ ಅನ್ನೋ ಕಮಿಷನ್ ಯೋಜನೆ ಶುರು ಮಾಡಿದ್ದು 1996ರಲ್ಲೇ. ನೀವೇ ಬಳಸಿ ನೋಡಿದ ವಸ್ತು ಆಗಿದ್ರೆ ಮಾತ್ರ ಹಾಕಿ, 'ಇಲ್ಲಿ ಕೊಂಡ್ರೆ ನನಗೆ ಕಮಿಷನ್ ಬರುತ್ತೆ' ಅಂತ ಓದುಗರಿಗೆ ಎದುರಿಗೇ ಹೇಳ್ಬಿಡಿ. ಗೂಗಲ್ ಕೂಡ ಇಂಥ ಲಿಂಕ್‌ಗಳಿಗೆ ಪೇಜ್ ಕೋಡಲ್ಲಿ 'ಸ್ಪಾನ್ಸರ್ಡ್' ಅನ್ನೋ ಗುರುತು ಹಾಕಿ ಅಂತ 2019ರಿಂದ ಹೇಳ್ತಾ ಇದೆ.

ಸಣ್ಣವರಿಗೆ ಒಪ್ಪೋದು ಕೊನೆಯ ಎರಡು. ಒಂದು ಲೆಕ್ಕ ಹಾಕಿ ನೋಡಿ, ತಿಂಗಳಿಗೆ ಸಾವಿರ ಜನ ಬರ್ತಾರೆ, ಅದರಲ್ಲಿ ಐವತ್ತು ಜನ ಮೇಲ್ ಐಡಿ ಕೊಡ್ತಾರೆ, ಆ ಐವತ್ತರಲ್ಲಿ ಇಬ್ಬರು ಏನಾದ್ರೂ ಕೊಳ್ತಾರೆ ಅಂತ ಇಟ್ಕೊಳ್ಳಿ. ಇಬ್ಬರು ಅಂದ್ರೆ ನಗು ಬರುತ್ತೆ, ಆದ್ರೆ ಆ ಇಬ್ಬರು ನಿಮ್ಮ ಹತ್ರ ಪೂರ್ತಿ ಕೋರ್ಸ್ ತಗೊಂಡ್ರೆ ಅದು ಅದೇ ಸಾವಿರ ಜನ ಜಾಹೀರಾತು ನೋಡಿ ಹೋಗಿದ್ದಕ್ಕಿಂತ ಎಷ್ಟೋ ವಾಸಿ. ನನ್ನ ಗೆಳತಿ ಮಾಡಿದ್ದೂ ಅದನ್ನೇ, ಅಳತೆ ಹಾಕಿ ಪ್ರಿಂಟ್ ತಗೊಳ್ಳೋ ಕಟಿಂಗ್ ಪ್ಯಾಟರ್ನ್‌ಗಳನ್ನ ಪಿಡಿಎಫ್ ಮಾಡಿ ಇಟ್ಲು.

ದೊಡ್ಡವರು ಏನ್ ಮಾಡಿದ್ರು ಅಂತ ನೋಡಿದ್ರೂ ದಾರಿ ಹೀಗೇ ಇದೆ. ಎಮಿಲಿ ವೈಸ್ 2010ರಲ್ಲಿ 'ಇಂಟು ದ ಗ್ಲಾಸ್' ಅಂತ ಬ್ಯೂಟಿ ಬ್ಲಾಗ್ ಶುರು ಮಾಡಿದ್ರು, ಅವರದೇ ಗ್ಲಾಸಿಯೆ ಅನ್ನೋ ಬ್ಯೂಟಿ ಕಂಪನಿ ಹುಟ್ಟಿದ್ದು 2014ರಲ್ಲಿ, ನಡುವೆ ನಾಲ್ಕು ವರ್ಷ. ಆಮೇಲೂ, ನಿಮ್ಮ ಕನಸಿನ ಫೇಸ್ ವಾಶ್ ಹೇಗಿರ್ಬೇಕು ಅಂತ ಓದುಗರನ್ನೇ ಕೇಳಿ, ಬಂದ ಉತ್ತರ ಇಟ್ಕೊಂಡು ಒಂದು ಫೇಸ್ ವಾಶ್ ಮಾಡಿ ಮಾರಿದ್ರು. 37ಸಿಗ್ನಲ್ಸ್ ಅನ್ನೋ, ಆಗ ವೆಬ್ ಡಿಸೈನ್ ಮಾಡ್ತಿದ್ದ ಕಂಪನಿದು ಬ್ಲಾಗ್ ಮೊದಲಿಂದ ಇತ್ತು, ತಮ್ಮ ಕೆಲಸಕ್ಕೆ ಅಂತ ಮಾಡ್ಕೊಂಡ, ಪ್ರಾಜೆಕ್ಟ್ ನೋಡ್ಕೊಳ್ಳೋ ಟೂಲ್ ಒಂದನ್ನ 2004ರಲ್ಲಿ ಬೇಸ್‌ಕ್ಯಾಂಪ್ ಅಂತ ಹೊರಗೆ ಬಿಟ್ಟಾಗ ಅದನ್ನ ಮೊದಲು ನೋಡಿದವರಲ್ಲಿ ಆ ಬ್ಲಾಗ್ ಓದುಗರೇ ಇದ್ರು. ನಾವು ಅಷ್ಟು ದೊಡ್ಡ ಆಗ್ತೀವಿ ಅಂತ ಹೇಳ್ತಿಲ್ಲ, ಮೊದಲು ಓದುಗರು ಆಮೇಲೆ ಸಾಮಾನು ಅನ್ನೋ ಕ್ರಮ ನೋಡಿ ಸಾಕು.

ಹತ್ತು ಪೋಸ್ಟ್, ಹನ್ನೆರಡು ವಾರ

ಈಗ ಬರೆಯೋಕೆ ಕೂತ್ಕೊಳ್ಳಿ. ಹಿಡ್ಕೊಂಡಿರೋ ಆ ಒಬ್ಬರ ಹತ್ತು ಪ್ರಶ್ನೆಗಳನ್ನ ಅವರ ಬಾಯಿ ಮಾತಲ್ಲೇ ಬರೀರಿ. 'ನೂಲಿನ ಸೆಳೆತದ ಅಸಮತೋಲನ ನಿವಾರಣೆ' ಅಂತ ಯಾರೂ ಹುಡುಕಲ್ಲ, 'ಮಷೀನಲ್ಲಿ ನೂಲು ಗಂಟಾಗ್ತಿದೆ ಏನ್ ಮಾಡ್ಲಿ' ಅಂತ ಹುಡುಕ್ತಾರೆ. ಹತ್ತು ಪ್ರಶ್ನೆ ಬರಲಿಲ್ಲ, ಐದಕ್ಕೇ ನಿಂತು ಹೋಯ್ತು ಅಂದ್ರೆ ಒಂದೋ ವಿಷಯ ತೀರಾ ಕಿರಿದಾಯ್ತು, ಇಲ್ಲಾ ನಿಮಗೆ ಆ ವಿಷಯ ಅಷ್ಟು ಗೊತ್ತಿಲ್ಲ. ಇದು ಬ್ಲಾಗ್ ಶುರು ಮಾಡೋ ಮುಂಚೇನೇ ಗೊತ್ತಾದ್ರೆ ಒಳ್ಳೇದೇ ಅಲ್ವಾ.

ವಾರಕ್ಕೊಂದು ಪೋಸ್ಟ್, ಎರಡು ವಾರ ಜ್ವರ ನೆಗಡಿಗೆ ಅಂತ ಬಿಟ್ರೆ ಹನ್ನೆರಡು ವಾರ ಆಯ್ತು. ಈ ಹನ್ನೆರಡು ವಾರ ಬೇರೆ ವಿಷಯಕ್ಕೆ ಕೈ ಹಾಕ್ಬೇಡಿ, ಕವನ ಬಂದ್ರೆ ಡೈರೀಲಿ ಬರ್ಕೊಳ್ಳಿ.

ಎಐ ಹತ್ರ ಬರೆಸಿದ್ರೆ ಒಂದೇ ದಿನಕ್ಕೆ ಹತ್ತೂ ಆಗುತ್ತಲ್ಲ ಅಂತ ಕೇಳ್ತೀರಿ. ಆಗುತ್ತೆ, ಪಕ್ಕದವರಿಗೂ ಅದೇ ಹತ್ತು ಆಗಿರುತ್ತೆ. ಗೂಗಲ್ ತನ್ನ ಸರ್ಚ್ ಗುಣಮಟ್ಟ ನೋಡೋರಿಗೆ ಕೊಡೋ ಮಾರ್ಗಸೂಚಿಯಲ್ಲಿ 2022ರ ಡಿಸೆಂಬರ್‌ನಲ್ಲಿ 'ಅನುಭವ' ಅನ್ನೋದನ್ನೂ ಒಂದು ಅಳತೆಯಾಗಿ ಸೇರಿಸ್ತು, ಅಂದ್ರೆ ಬರೆದವರು ಆ ಕೆಲಸ ಸ್ವತಃ ಮಾಡಿದಾರಾ ಅಂತ. ಗಂಟಾದ ನೂಲಿನ ಫೋಟೋ ನಿಮ್ಮ ಮಷೀನಿಂದಾನೇ ಬಂದಿರ್ಬೇಕು.

ಓದುಗರು ಏನ್ ಕೇಳ್ತಿದಾರೆ

ಸರ್ಚ್ ಕನ್ಸೋಲ್ ಅಂತ ಗೂಗಲ್‌ದೇ ಒಂದು ಫ್ರೀ ಟೂಲ್ ಇದೆ, ಬ್ಲಾಗನ್ನ ಮೊದಲ ದಿನವೇ ಅದಕ್ಕೆ ಸೇರಿಸಿ. ಯಾವ ಮಾತು ಟೈಪ್ ಮಾಡಿದಾಗ ನಿಮ್ಮ ಪೇಜ್ ಕಾಣ್ತು, ಎಷ್ಟನೇ ಜಾಗದಲ್ಲಿ ಕಾಣ್ತು, ಎಷ್ಟು ಜನ ಒತ್ತಿದ್ರು ಅಂತ 16 ತಿಂಗಳ ಲೆಕ್ಕ ಇಟ್ಟಿರುತ್ತೆ. ಶುರುವಿನ ಕೆಲವು ವಾರ ಖಾಲಿ ಇರುತ್ತೆ, ಗಾಬರಿ ಬೇಡ. ಆಮೇಲೆ ನೋಡ್ಬೇಕಾದ್ದು ಗ್ರಾಫ್ ಅಲ್ಲ, ಆ ಮಾತುಗಳ ಪಟ್ಟಿ. ನೀವು ಬರೆದೇ ಇಲ್ಲದ ಪ್ರಶ್ನೆಗೂ ಹತ್ತನೇದೋ ಹದಿನೈದನೇದೋ ಜಾಗದಲ್ಲಿ ನಿಮ್ಮ ಪೇಜ್ ಕಾಣ್ತಿದ್ರೆ, ಜನ ಕೇಳ್ತಿದಾರೆ ಆದ್ರೆ ನೇರ ಉತ್ತರ ನಿಮ್ಮ ಹತ್ರ ಇನ್ನೂ ಇಲ್ಲ ಅಂತ ಅರ್ಥ. ಮುಂದಿನ ಪೋಸ್ಟ್ ಅದೇ.

ಇದಕ್ಕಿಂತ ದೊಡ್ಡ ಆಸ್ತಿ ಮೇಲ್. ಪ್ರತಿ ಪೋಸ್ಟ್ ಕೊನೇಲಿ "ನೀವು ಎಲ್ಲಿ ಸಿಕ್ಕಿಹಾಕ್ಕೊಂಡಿದೀರಿ ಅಂತ ಬರೀರಿ" ಅಂತ ಒಂದು ಸಾಲು ಹಾಕಿ, ಬಂದಿದ್ದಕ್ಕೆಲ್ಲ ಉತ್ತರ ಕೊಡಿ, ಪ್ರಶ್ನೆಗಳನ್ನ ಹಾಗ್ಹಾಗೇ ಒಂದು ಶೀಟಲ್ಲಿ ಕಾಪಿ ಮಾಡಿಡಿ, ತಿದ್ದಬೇಡಿ. ಒಂದೇ ಪ್ರಶ್ನೆ ಐದಾರು ಜನರಿಂದ ಬಂತು, ಅದಕ್ಕೆ ಒಂದು ಪೋಸ್ಟಲ್ಲಿ ಉತ್ತರ ಹೇಳೋಕೆ ಆಗ್ತಿಲ್ಲ ಅನ್ನಿಸ್ತು ಅಂದ್ರೆ ಅಲ್ಲಿ ನಿಮ್ಮ ಸಾಮಾನು ಇದೆ. ಪೆನ್ಸಿಲ್ಲಲ್ಲಿ ಬರೆದಿದ್ದ ಮೂರನೇ ಉತ್ತರ ಅಳಿಸಿ, ಇದನ್ನ ಪೆನ್ನಲ್ಲಿ ಬರೀರಿ.

ಬಾಡಿಗೆ ಮನೆ, ಸ್ವಂತ ಮನೆ

ಇದು ಚಿಕ್ಕದು, ಆದ್ರೆ ನಾನು ಪೆಟ್ಟು ತಿಂದ ಜಾಗ. ನನ್ನ ಹಳೇ ಬ್ಲಾಗ್ ಒಂದು ಫ್ರೀ ಸರ್ವಿಸ್ ಮೇಲಿತ್ತು, ಮುಚ್ತಾ ಇದೀವಿ ಅಂತ ಅವರು ಕಳಿಸಿದ ಮೇಲ್ ಸ್ಪ್ಯಾಮ್ ಫೋಲ್ಡರಲ್ಲಿ ಬಿದ್ದಿತ್ತು, ನಾನು ನೋಡೋ ಹೊತ್ತಿಗೆ ಎಲ್ಲಾ ಹೋಗಿತ್ತು. ಫ್ರೀಯಾಗಿ ವೆಬ್ ಪೇಜ್ ಮಾಡ್ಕೊಳ್ಳೋಕೆ ಜಾಗ ಕೊಡ್ತಿದ್ದ ಜಿಯೋಸಿಟೀಸ್ 2009ರಲ್ಲಿ ಮುಚ್ಚಿತು, ಬ್ಲಾಗ್ ಓದೋಕೆ ಎಷ್ಟೋ ಜನ ನೆಚ್ಕೊಂಡಿದ್ದ ಗೂಗಲ್ ರೀಡರ್ 2013ರ ಜುಲೈನಲ್ಲಿ ನಿಂತಿತು. ಸರ್ಚ್ ಒಂದನ್ನೇ ನಂಬೋಕೂ ಆಗಲ್ಲ, 2024ರಿಂದ ಗೂಗಲ್ ಎಷ್ಟೋ ಪ್ರಶ್ನೆಗೆ ಮೇಲ್ಗಡೆನೇ ಎಐ ಉತ್ತರ ತೋರಿಸ್ತಿದೆ, ಕೆಳಗೆ ಇಳಿದು ನಿಮ್ಮ ಲಿಂಕ್ ಒತ್ತೋ ಪುರುಸೊತ್ತು ಎಲ್ಲರಿಗೂ ಇರಲ್ಲ. ಹಾಗಾಗಿ ಸ್ವಂತ ಡೊಮೇನ್ (ನಿಮ್ಮದೇ ಹೆಸರಿನ ವೆಬ್ ವಿಳಾಸ) ತಗೊಳ್ಳಿ, ತಿಂಗಳಿಗೊಂದ್ಸಲ ಬ್ಯಾಕಪ್ ಇಳಿಸ್ಕೊಳ್ಳಿ, ಓದುಗರ ಮೇಲ್ ಐಡಿಗಳನ್ನ ಅವರ ಒಪ್ಪಿಗೆ ಕೇಳಿ ಸೇರಿಸಿಡಿ, ಬೇಡ ಅಂದವರು ಒಂದೇ ಕ್ಲಿಕ್ಕಲ್ಲಿ ಹೊರಗೆ ಹೋಗೋ ಹಾಗಿರ್ಲಿ.

ಹನ್ನೆರಡನೇ ವಾರ

ಮತ್ತೆ ಕಾಗದ. ಹತ್ತೂ ಪೋಸ್ಟ್ ಹೆಸರು ಬರೆದು ಪಕ್ಕದಲ್ಲಿ ಇದಕ್ಕೆ ಯಾರಾದ್ರೂ ಮೇಲ್ ಮಾಡಿದ್ರಾ, ಯಾರಾದ್ರೂ ವಾಪಸ್ ಬಂದ್ರಾ, ಬರೀವಾಗ ನನಗೆ ಬೇಜಾರಾಯ್ತಾ ಅಂತ ಮೂರು ಗುರುತು. ಕೊನೇದನ್ನ ಹಗುರವಾಗಿ ತಗೋಬೇಡಿ, ಹತ್ತು ಪೋಸ್ಟಿಗೇ ಬೇಜಾರಾಗೋ ವಿಷಯದ ಮೇಲೆ ನಾಲ್ಕು ವರ್ಷ ಬಿಸಿನೆಸ್ ಮಾಡೋಕಾಗಲ್ಲ. ಮೂರೂ ಕಡೆ ಚೆನ್ನಾಗಿರೋ ಎರಡು ಮೂರು ಪೋಸ್ಟ್ ಒಂದೇ ದಿಕ್ಕಿಗೆ ಬೆರಳು ತೋರಿಸ್ತಿದ್ರೆ ಮುಂದಿನ ಹನ್ನೆರಡು ವಾರ ಆ ಕಡೆಗೇ. ಒಂದೇ ಒಂದು ಮೇಲ್ ಕೂಡ ಬರಲಿಲ್ವಾ, ಹಿಡ್ಕೊಂಡಿರೋ ವ್ಯಕ್ತಿ ತಪ್ಪು, ವಿಷಯ ಅದೇ ಇಟ್ಕೊಂಡು ಇನ್ನೊಬ್ಬರನ್ನ ಹಿಡೀರಿ. ಎರಡು ಸಲ ಬದಲಾಯ್ಸಿದ್ರೂ ಯಾರೂ ಕೇಳೋರಿಲ್ಲ ಅಂದ್ರೆ ಅದನ್ನ ಹವ್ಯಾಸವಾಗಿ ಇಟ್ಕೊಂಡು ಹೊಟ್ಟೆಪಾಡಿಗೆ ಬೇರೆ ಏನಾದ್ರೂ ನೋಡೋದು ವಾಸಿ, ಅದರಲ್ಲಿ ನಾಚಿಕೆ ಪಡೋದೇನಿಲ್ಲ.

ಇದಾದ ಮೇಲೆ 'ನನ್ನ ಬಗ್ಗೆ' ಪೇಜ್ ಹೊಸದಾಗಿ ಬರೀರಿ, ನಿಮ್ಮ ಬಗ್ಗೆ ಕಮ್ಮಿ, ಓದೋರ ಬಗ್ಗೆ ಜಾಸ್ತಿ. ನನ್ನ ಗೆಳತಿಯ ಪೇಜಲ್ಲಿ ಫ್ಯಾಷನ್, ಲೈಫ್‌ಸ್ಟೈಲ್ ಎಲ್ಲಾ ಹೋಗಿ ಈಗ ಮೇಲ್ಗಡೆ ಇಷ್ಟೇ ಇದೆ: "ಹೊಸ ಮಷೀನ್ ಮುಂದೆ ಕೂತು ಅಳು ಬರ್ತಿದ್ಯಾ? ಮೊದಲು ಪಾದ ಎತ್ತಿ, ಆಮೇಲೆ ನೂಲು ಹಾಕಿ. ಆಗಲೂ ಸರಿ ಹೋಗಲಿಲ್ಲ ಅಂದ್ರೆ ಗಂಟಿನ ಫೋಟೋ ತೆಗೆದು ನನಗೆ ಕಳ್ಸಿ."