ತುರ್ತು ಸೇವೆಯ ಸ್ವಯಂಸೇವಕರನ್ನು ಗೌರವಿಸುವ ಮುನ್ನ ಮಾಡಬೇಕಾದದ್ದು

ಅಪಘಾತ, ಜಾತ್ರೆ, ಪ್ರವಾಹಗಳ ಸಂದರ್ಭದಲ್ಲಿ ಪ್ರಥಮ ಚಿಕಿತ್ಸೆ ಮತ್ತು ಆಂಬುಲೆನ್ಸ್ ಸೇವೆ ಒದಗಿಸುವ ದತ್ತಿ ಸಂಸ್ಥೆಗಳು ವರ್ಷಕ್ಕೊಮ್ಮೆ, ಕೆಲವೆಡೆ ಡಿಸೆಂಬರ್ 5ರ ಅಂತರರಾಷ್ಟ್ರೀಯ ಸ್ವಯಂಸೇವಕರ ದಿನದಂದೇ, ತಮ್ಮ ಕಾರ್ಯಕರ್ತರಿಗೆ ಶಾಲು ಹೊದಿಸಿ, ಫಲಪುಷ್ಪ ಕೊಟ್ಟು ಸನ್ಮಾನಿಸುತ್ತವೆ. ಅದರಲ್ಲಿ ತಪ್ಪೇನೂ ಇಲ್ಲ. ಆದರೆ ಯಾರು ಏನು ಮಾಡಿದರು ಎಂಬ ಬರಹ ಕಚೇರಿಯಲ್ಲಿ ಇಲ್ಲದಿದ್ದರೆ ಆ ಶಾಲು ಪದಾಧಿಕಾರಿಗಳ ಕಣ್ಣಿಗೆ ಬಿದ್ದವರ ಹೆಗಲಿಗೇ ಹೋಗುತ್ತದೆ.

ಆದ್ದರಿಂದ ಮೊದಲು ಡ್ಯೂಟಿ ರಿಜಿಸ್ಟರ್ ಸರಿಪಡಿಸಿ. 1877ರಲ್ಲಿ ಇಂಗ್ಲೆಂಡಿನಲ್ಲಿ ಆರಂಭವಾದ ಸೇಂಟ್ ಜಾನ್ ಆಂಬುಲೆನ್ಸ್ ಎಂಬ ಪ್ರಥಮ ಚಿಕಿತ್ಸಾ ಸಂಸ್ಥೆ ದೀರ್ಘ ಸೇವೆಗೆ ಪದಕ ಕೊಡುವ ಪದ್ಧತಿಯನ್ನು ಉಳಿಸಿಕೊಂಡು ಬಂದಿರುವುದು ಸೇವಾವಧಿಯ ಲೆಕ್ಕದ ಬಲದ ಮೇಲೆ. ರಿಜಿಸ್ಟರಿನಲ್ಲಿ ‘ಪ್ರಥಮ ಚಿಕಿತ್ಸೆ ನೀಡಲಾಯಿತು’ ಎಂದಷ್ಟೇ ಬರೆದರೆ ಸಾಲದು. ‘ಶಿವರಾತ್ರಿಯ ಧರ್ಮಸ್ಥಳ ಪಾದಯಾತ್ರೆ, ಚಾರ್ಮಾಡಿ ಶಿಬಿರ, ರಾತ್ರಿ 10ರಿಂದ ಬೆಳಿಗ್ಗೆ 6, ಬೊಬ್ಬೆ ಎದ್ದ ಪಾದಗಳಿಗೆ ಪಟ್ಟಿ ಕಟ್ಟಿದ್ದು, ಎದೆನೋವೆಂದ ಯಾತ್ರಿಕರೊಬ್ಬರನ್ನು ಆಂಬುಲೆನ್ಸಿಗೆ ಒಪ್ಪಿಸಿದ್ದು’ ಎಂದು ಬರೆಯಿಸಿ. ರೋಗಿಯ ಹೆಸರು ಈ ಪುಸ್ತಕದಲ್ಲಿ ಬೇಡ. ಅದಕ್ಕೆ ಪ್ರತ್ಯೇಕ ಹಾಳೆ ಇರಲಿ.

ರೋಗಿಯನ್ನು ಮುಟ್ಟದವರ ಕೆಲಸವೂ ಇದೇ ಪುಸ್ತಕಕ್ಕೆ ಬರಬೇಕು. ಕಪ್ಪು ಮೈಯ, ಬಿಳಿ ಕತ್ತಿನ ಆಮ್ಲಜನಕದ ಸಿಲಿಂಡರಿನ ಕವಾಟ ತೆರೆದು ಒತ್ತಡದ ಮುಳ್ಳು ಎಲ್ಲಿ ನಿಂತಿದೆಯೆಂದು ಪಾಳಿಗೆ ಮುನ್ನ ನೋಡುವವರು, ಸ್ಟ್ರೆಚರಿನ ಮೇಲಿನ ರಕ್ತವನ್ನು ಬ್ಲೀಚಿಂಗ್ ದ್ರಾವಣದಿಂದ ಒರೆಸುವವರು, ಅವಧಿ ಮೀರಿದ ಔಷಧಿಗಳನ್ನು ಬೇರ್ಪಡಿಸುವವರು, ಫೋನಿನ ಮುಂದೆ ಕುಳಿತು ಪಾಳಿ ಹೊಂದಿಸುವವರು ಇಲ್ಲದೆ ಗಾಡಿ ಹೊರಡುವುದೇ ಇಲ್ಲ. ವೇದಿಕೆಯ ಪಟ್ಟಿಯಿಂದ ಸಾಮಾನ್ಯವಾಗಿ ಬಿಟ್ಟುಹೋಗುವವರೂ ಇವರೇ.

ಸನ್ಮಾನಕ್ಕಿಂತ ಮೊದಲು ಸಲ್ಲಬೇಕಾದ ಋಣಗಳಿವೆ. ಹೆಪಟೈಟಿಸ್ ಬಿ ಲಸಿಕೆಯ ಮೂರು ಡೋಸುಗಳನ್ನು, ಅಂದರೆ ಮೊದಲನೆಯದು, ಒಂದು ತಿಂಗಳ ಬಳಿಕದ್ದು ಮತ್ತು ಆರನೆಯ ತಿಂಗಳದ್ದನ್ನು, ಸಂಸ್ಥೆಯ ಖರ್ಚಿನಲ್ಲೇ ಹಾಕಿಸಿ. ನಿಮಿಷಕ್ಕೆ 100ರಿಂದ 120ರ ಲಯದಲ್ಲಿ, ವಯಸ್ಕರಿಗೆ 5ರಿಂದ 6 ಸೆಂಟಿಮೀಟರ್ ಆಳಕ್ಕೆ, ಹೃದಯ ನಿಂತವರ ಎದೆ ಒತ್ತುವ (ಸಿಪಿಆರ್) ಕೌಶಲ ಅಭ್ಯಾಸವಿಲ್ಲದಿದ್ದರೆ ಕೆಲವೇ ತಿಂಗಳಲ್ಲಿ ಸಡಿಲವಾಗುವುದರಿಂದ ಮರುತರಬೇತಿಗೆ ದಿನ ಗೊತ್ತುಮಾಡಿ. ಪೆಟ್ರೋಲಿನ ಹಣವನ್ನು ರಸೀದಿ ನೋಡಿ ತಕ್ಷಣ ಕೊಡಿ. ಕೈಯಿಂದ ಹೋದದ್ದನ್ನು ಮರಳಿಸುವುದಕ್ಕೆ ಬಹುಮಾನವೆಂಬ ಹೆಸರು ಬೇಡ. ಮಗುವೊಂದು ಉಳಿಯದ ರಾತ್ರಿ ಪಾಳಿಯಲ್ಲಿದ್ದವರಿಗೆ ಹಿರಿಯರೊಬ್ಬರು ಅಂದೇ ಫೋನ್ ಮಾಡಿ, ಮುಂದಿನ ಪಾಳಿಗೆ ಬರಲೇಬೇಕೆಂಬ ಒತ್ತಾಯವಿಲ್ಲವೆಂದು ತಿಳಿಸಬೇಕು.

ಕೇಸಿಗೆ ಇಷ್ಟು ಎಂದು ನಗದು ಕೊಡುವ ಪದ್ಧತಿಯನ್ನು ಮಾತ್ರ ಇಟ್ಟುಕೊಳ್ಳಬೇಡಿ. 2019ರ ತಿದ್ದುಪಡಿಯಿಂದ ಮೋಟಾರು ವಾಹನ ಕಾಯ್ದೆಗೆ ಸೇರಿದ 134ಎ ಕಲಮು ಮೊಕದ್ದಮೆಗಳಿಂದ ರಕ್ಷಣೆ ನೀಡುವುದು ಪ್ರತಿಫಲ ಅಪೇಕ್ಷಿಸದೆ ಸದ್ಭಾವನೆಯಿಂದ ಅಪಘಾತದ ಗಾಯಾಳುವಿಗೆ ನೆರವಾದವರಿಗೆ.

ಇನ್ನು ಸಮಾರಂಭ. ಕರೆಯುವ ಮೊದಲು ಆ ವ್ಯಕ್ತಿಯ ಒಪ್ಪಿಗೆ ಕೇಳಿ. ಹೆಸರು ಹೊರಬರುವುದು ಬೇಡವೆನ್ನುವವರೂ ಇರುತ್ತಾರೆ. ರಾತ್ರಿ ಬಾಗಿಲು ತೆರೆದು ಕಾಯುವ ಮನೆಯವರನ್ನೂ ಆಹ್ವಾನಿಸಿ. ‘ನಿಸ್ವಾರ್ಥ ಸೇವಕರು’ ಎಂಬ ಸವಕಲು ಮಾತಿನ ಬದಲು ರಿಜಿಸ್ಟರಿನಿಂದಲೇ ಎರಡು ಸಾಲು ಎತ್ತಿ ಓದಿಸಿ. ಗಾಯಾಳುಗಳ ಚಿತ್ರಗಳನ್ನು ಪರದೆಯ ಮೇಲೆ ತೋರಿಸುವುದು ಖಂಡಿತ ಸಲ್ಲದು.

ಓದಿಗಾಗಿಯೋ, ವರ್ಗಾವಣೆಯಾಗಿಯೋ ಸಂಸ್ಥೆ ಬಿಡುವವರಿಗೆ ಸೇವಾವಧಿ, ಒಟ್ಟು ಗಂಟೆಗಳು ಮತ್ತು ಪಡೆದ ತರಬೇತಿಗಳನ್ನು ನಮೂದಿಸಿದ ಅನುಭವ ಪತ್ರವನ್ನು, ಅವರು ಕೇಳಿ ಅಲೆಯುವ ಮೊದಲೇ, ಸಹಿ ಮತ್ತು ಮೊಹರಿನೊಂದಿಗೆ ಕೊಟ್ಟು, ಒಂದು ಪ್ರತಿಯನ್ನು ಕಡತದಲ್ಲಿ ಉಳಿಸಿಕೊಳ್ಳಿ.